ಪೇರು, ಟರ್ಕಿ, ಹಿಂದಿ... ಮತ್ತು ನಮ್ಮ ಹಿತ್ತಲಿನ ಗೂಡು

ಯುಗಾದಿಗೆ ಊರಿಗೆ ಹೋದಾಗ ನಮ್ಮ ಹಿತ್ತಲಿನಲ್ಲಿ ಐದು ಟರ್ಕಿ ಕೋಳಿಗಳಿದ್ದವು. ದೀಪಾವಳಿಗೆ ಹೋಗುವಷ್ಟರಲ್ಲಿ ಎರಡೇ ಉಳಿದಿದ್ದವು. ನಾಯಿ ಹಿಡಿಯಲಿಲ್ಲ, ನರಿ ಒಯ್ಯಲಿಲ್ಲ, ಯಾರೂ ಕೊಯ್ದು ತಿನ್ನಲೂ ಇಲ್ಲ. ಬಾಗಿಲು ಭದ್ರವಾಗಿದ್ದ ಗೂಡಿನೊಳಗೇ ಮೂರೂ ಸತ್ತವು. ಆ ಗೂಡಿನ ನಕಾಶೆ ಹಾಕಿದವನು ನಾನು!

ಆಫೀಸಿನಲ್ಲಿ ಸರ್ವರ್ ಬಿದ್ದರೆ 'ರೂಟ್ ಕಾಸ್ ಅನಾಲಿಸಿಸ್' ಅಂತ ಒಂದು ವರದಿ ಬರೆಸುತ್ತಾರೆ. ಯಾಕೆ ಬಿತ್ತು, ಅದಕ್ಕೆ ಕಾರಣ ಏನು, ಆ ಕಾರಣಕ್ಕೆ ಕಾರಣ ಏನು ಅಂತ ಕೆದಕುತ್ತಾ ಹೋಗಬೇಕು. ಇದೂ ಅಂಥದ್ದೇ ಒಂದು ವರದಿ ಅಂದುಕೊಳ್ಳಿ. ಕೆದಕುತ್ತಾ ಹೋದವನು ಮೆಕ್ಸಿಕೋ, ಗೋವಾ, ಜಹಾಂಗೀರನ ಆಸ್ಥಾನ ಎಲ್ಲ ಸುತ್ತಿ ಕೊನೆಗೆ ಮತ್ತೆ ನಮ್ಮ ಹಿತ್ತಲಿಗೇ ಬಂದು ನಿಂತೆ. ಸ್ವಲ್ಪ ಉದ್ದವಾಗಿದೆ, ಬೇಜಾರು ಮಾಡಿಕೊಳ್ಳದೆ ಓದಿ :-)

* * *

ನಮ್ಮೂರು ಉಗಾರ ಖುರ್ದ. ಮಿರಜಿಗೆ ಹೋಗುವ ರೈಲು ಕುಡಚಿ ಬಿಟ್ಟು ಕೃಷ್ಣೆಯನ್ನು ದಾಟಿದ ಮೇಲೆ ಸಿಗುವ ಊರು. 1939ರಲ್ಲಿ ಹುಟ್ಟಿದ ಸಕ್ಕರೆ ಕಾರ್ಖಾನೆ, ಸುತ್ತಲೂ ಕಬ್ಬು, ಹಂಗಾಮಿನಲ್ಲಿ ರಸ್ತೆ ತುಂಬ ಟ್ರ್ಯಾಕ್ಟರು. ಕೋಳಿ ಸಾಕುವವರಿಗೇನೂ ಕಡಿಮೆಯಿಲ್ಲ. ಆದರೆ ಟರ್ಕಿ ಸಾಕಿದ್ದು ನಮ್ಮ ಓಣಿಯಲ್ಲಿ ನಮ್ಮ ಕಾಕಾ ಒಬ್ಬರೇ. ಸಾಂಗ್ಲಿ ಕಡೆಯ ಯಾರದೋ ತೋಟದಲ್ಲಿ ನೋಡಿ ಮೆಚ್ಚಿ ಐದು ಮರಿ ತಂದಿದ್ದರು. ತಿನ್ನಲಿಕ್ಕೂ ಅಲ್ಲ, ಮಾರಲಿಕ್ಕೂ ಅಲ್ಲ, ಸುಮ್ಮನೆ ಚಂದಕ್ಕೆ! ಅದರಲ್ಲಿ ಒಂದು ಗಂಡು ದೊಡ್ಡದಾದ ಮೇಲೆ ಬಾಲ ಬೀಸಣಿಗೆಯಂತೆ ಬಿಚ್ಚಿ, ರೆಕ್ಕೆ ನೆಲಕ್ಕೆ ತಾಗಿಸಿಕೊಂಡು ಅಂಗಳದಲ್ಲಿ ತಿರುಗುವ ಠೀವಿ ನೋಡಿ ಓಣಿಯ ಹುಡುಗರು ಅದಕ್ಕೆ 'ಸಾಹೇಬ' ಅಂತ ಹೆಸರಿಟ್ಟರು. ಹುಡುಗರು ಕೂಗಿದರೆ ಅದೂ ಗಳಗಳ ಅಂತ ತಿರುಗಿ ಕೂಗುತ್ತಿತ್ತು.

ನಮ್ಮ ಆಯಿ ಮಾತ್ರ ಮೊದಲ ದಿನವೇ ಹೇಳಿದ್ದಳು, "ಪರದೇಶಿ ಕೋಳಿ ಅದು, ಜ್ವಾಕ್ಯಾಗಿ ನೋಡ್ರಿ." ನಮ್ಮ ಕಡೆ ಪರದೇಶಿ ಅಂದರೆ ಬೇರೆ ದೇಶದ್ದು ಅಂತಲೂ ಹೌದು, ದಿಕ್ಕಿಲ್ಲದ್ದು ಅಂತಲೂ ಹೌದು. ಆಗ ನಕ್ಕಿದ್ದೆ.

ಮರಿ ದೊಡ್ಡವಾದ ಮೇಲೆ ಕಾಕಾ ಫೋನ್ ಮಾಡಿ, "ತಮ್ಮಾ, ನೀ ಇಂಜಿನಿಯರ್ ಅದೀ, ಇವಕ್ಕೊಂದು ಚಲೋ ಗೂಡಿನ ನಕ್ಷಾ ಹಾಕಿ ಕೊಡು" ಅಂದರು. ಕಂಪ್ಯೂಟರ್ ಇಂಜಿನಿಯರಿಗೂ ಕೋಳಿ ಗೂಡಿಗೂ ಏನು ಸಂಬಂಧ ಅಂತ ಕೇಳಬೇಡಿ. ಊರಲ್ಲಿ ಇಂಜಿನಿಯರ್ ಅಂದರೆ ಮಿಕ್ಸರಿನಿಂದ ಮೋಟರಿನವರೆಗೆ ಎಲ್ಲ ರಿಪೇರಿ ಮಾಡಬೇಕು!

ಇಂಟರ್ನೆಟ್ಟಿನಲ್ಲಿ ಹುಡುಕಿ, ಲೆಕ್ಕ ಹಾಕಿ, ನೀಟಾಗಿ ಚಿತ್ರ ಬರೆದು ಕಳಿಸಿದೆ. ಬೆಳೆದ ಟರ್ಕಿ ಒಂದಕ್ಕೆ ನಾಲ್ಕರಿಂದ ಐದು ಚದರ ಅಡಿ ನೆಲ ಬೇಕು ಅಂತಿತ್ತು, ನಾನು ಆರು ಕೊಟ್ಟೆ. ಮೂರು ಕಡೆ ಇಟ್ಟಿಗೆ ಗೋಡೆ, ಮೇಲೆ ತಗಡು, ಮುಂದೆ ಗಟ್ಟಿ ಜಾಳಿಗೆಯ ಬಾಗಿಲು. ಮುಂಗುಸಿ, ಬೆಕ್ಕು ನುಸುಳದಂತೆ ಜಾಳಿಗೆಯ ಕಣ್ಣು ಅರ್ಧ ಇಂಚಿನದು. ಜಾಗ ಉಳಿಯಲಿ ಅಂತ ಆಯಿಯ ನಾಟಿ ಕೋಳಿಗಳಿದ್ದ ಹಳೇ ಜಾಗದಲ್ಲೇ ಕಟ್ಟಿಸಿದೆ. ನಡುವೆ ಜಾಳಿಗೆ ಹಾಕಿ ಅರ್ಧ ಟರ್ಕಿಗೆ, ಅರ್ಧ ಕೋಳಿಗೆ. ಹಗಲು ಎಲ್ಲವೂ ಒಂದೇ ಅಂಗಳದಲ್ಲಿ ಮೇಯುತ್ತಿದ್ದವು, ಒಂದೇ ಡೋಣಿಯ ನೀರು ಕುಡಿಯುತ್ತಿದ್ದವು. ಕಾಕಾ ಫೋಟೋ ಕಳಿಸಿದಾಗ ನನಗೇ ಹೆಮ್ಮೆಯಾಗಿತ್ತು.

ಶ್ರಾವಣದ ಮಳೆಯಲ್ಲಿ ಒಂದು ಹೆಣ್ಣು ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ ಮೂಲೆಯಲ್ಲಿ ನಿಂತಿತು. ಹಿಕ್ಕೆ ಗಂಧಕದಂತೆ ಹಳದಿ. ಐದು ದಿನಕ್ಕೆ ಸತ್ತಿತು. ಹದಿನೈದು ದಿನದೊಳಗೆ ಇನ್ನೆರಡು. ಮೂರನೆಯದನ್ನು ಕಾಕಾ ಚೀಲದಲ್ಲಿ ಹಾಕಿಕೊಂಡು ಪಶು ಡಾಕ್ಟರ ಹತ್ತಿರ ಒಯ್ದರು. ಅವರು ಹೊಟ್ಟೆ ಕೊಯ್ದು ನೋಡಿದರು. ಪಿತ್ತಜನಕಾಂಗದ ಮೇಲೆ ನಾಣ್ಯ ಒತ್ತಿದ ಹಾಗೆ ದುಂಡು ದುಂಡು ಕಲೆಗಳು. ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆಯಂತೆ: "ಇವನ್ನ ಕೋಳಿ ಸಂಗಾಟ ಇಟ್ಟಿದ್ರೇನ್ರೀ?"

ರೋಗದ ಹೆಸರು ಬ್ಲ್ಯಾಕ್‌ಹೆಡ್. ಕನ್ನಡದಲ್ಲಿ ಕರಿತಲೆ ರೋಗ ಅನ್ನಬಹುದೇನೋ, ಆದರೆ ತಲೆ ಕಪ್ಪಾಗಲೇಬೇಕು ಅಂತೇನಿಲ್ಲ. ಆಯಿಯ ಕೋಳಿಗಳು ಮಾತ್ರ ಏನೂ ಆಗದವರಂತೆ ಕೆದರಿಕೊಂಡು ಓಡಾಡುತ್ತಿದ್ದವು. ನನ್ನ ಪ್ರಶ್ನೆ ಇಲ್ಲಿಂದಲೇ ಶುರು. ಒಂದೇ ಅಂಗಳ, ಒಂದೇ ನೀರು, ಒಂದೇ ಕಾಳು. ಕೋಳಿಗೆ ಏನೂ ಆಗದ್ದು ಟರ್ಕಿಯನ್ನು ಯಾಕೆ ಕೊಂದಿತು?

* * *

ಉತ್ತರಕ್ಕೆ ತುಂಬಾ ಹಿಂದೆ ಹೋಗಬೇಕು.

ಟರ್ಕಿ ಕೋಳಿಗೂ ಟರ್ಕಿ ದೇಶಕ್ಕೂ ಸಂಬಂಧ ಇಲ್ಲ ಅಂತ ನಿಮಗೆ ಗೊತ್ತಿರಬಹುದು. ಅದರ ತವರು ಅಮೆರಿಕ ಖಂಡ. ಮೆಕ್ಸಿಕೋದ ಜನ ಸುಮಾರು 2000 ವರ್ಷಗಳ ಹಿಂದೆಯೇ ಅದನ್ನು ಸಾಕುತ್ತಿದ್ದರು. ಅಲ್ಲಿಂದ ಉತ್ತರಕ್ಕೆ, ಈಗಿನ ಅಮೆರಿಕದ ಯೂಟಾ, ಅರಿಜೋನಾ, ನ್ಯೂಮೆಕ್ಸಿಕೋ ಕಡೆಯ ಒಣ ಸೀಮೆಯಲ್ಲಿದ್ದ ಪ್ಯೂಬ್ಲೋ ಜನರ ಪೂರ್ವಜರೂ ಸಾಕುತ್ತಿದ್ದರು. ಮೊದಲೆಲ್ಲ ಇವರ ಟರ್ಕಿ ಮೆಕ್ಸಿಕೋದಿಂದಲೇ ಬಂದದ್ದು ಅಂದುಕೊಂಡಿದ್ದರು. 2010ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ಬೇರೆಯೇ ಹೇಳಿತು: ಇವರು ಸಾಕಿದ್ದು ಬೇರೆ ತಳಿ, ಪಳಗಿಸಿದ್ದೂ ಬೇರೆಯಾಗಿಯೇ.

ನನಗೆ ಬಹಳ ಹಿಡಿಸಿದ್ದು ಇದು. ಈ ಜನ ನೂರಾರು ವರ್ಷ ಟರ್ಕಿ ಸಾಕಿದ್ದು ಮುಖ್ಯವಾಗಿ ಮಾಂಸಕ್ಕಲ್ಲ, ಗರಿಗೆ! ಯಕ್ಕಾ ಅನ್ನುವ ಕತ್ತಾಳೆಯಂಥ ಗಿಡದ ನಾರಿಗೆ ಮೆತ್ತನೆಯ ಗರಿ ಸುತ್ತಿ ಕಂಬಳಿ ನೇಯುತ್ತಿದ್ದರು. ಸುಮಾರು 800 ವರ್ಷ ಹಳೆಯ ಅಂಥ ಒಂದು ಕಂಬಳಿಯನ್ನು ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದವರು ಪರೀಕ್ಷಿಸಿ 2020ರಲ್ಲಿ ಲೆಕ್ಕ ಕೊಟ್ಟರು: ಒಂದು ಕಂಬಳಿಗೆ ಸುಮಾರು 11,500 ಗರಿ, 180 ಮೀಟರಿನಷ್ಟು ಹುರಿ. ಅಷ್ಟು ಗರಿಗೆ ನಾಲ್ಕರಿಂದ ಹತ್ತು ಹಕ್ಕಿ ಬೇಕು. ಹಕ್ಕಿಯನ್ನು ಕೊಲ್ಲಬೇಕಿರಲಿಲ್ಲ, ಗರಿ ಉದುರಿಸುವ ಕಾಲದಲ್ಲಿ ನೋವಾಗದಂತೆ ಕಿತ್ತುಕೊಳ್ಳಬಹುದಿತ್ತು. ಅಂದರೆ ಅದೇ ಹಕ್ಕಿ ವರ್ಷ ವರ್ಷವೂ ಗರಿ ಕೊಡಬೇಕು. ಕೊಡಬೇಕಾದರೆ ಬದುಕಿರಬೇಕು, ಆರೋಗ್ಯವಾಗಿರಬೇಕು. ಅವರ ಊರುಗಳ ಅವಶೇಷಗಳಲ್ಲಿ ಟರ್ಕಿ ದೊಡ್ಡಿಗಳು ಸಿಕ್ಕಿವೆ. ಯೂಟಾದ ಗ್ರ್ಯಾಂಡ್ ಗಲ್ಚ್ ಕಣಿವೆಯ ಒಂದು ಪಾಳು ನೆಲೆಗೆ 'ಟರ್ಕಿ ಪೆನ್' ಅಂತಲೇ ಹೆಸರು. ಉತ್ತರ ಮೆಕ್ಸಿಕೋದ ಪಕಿಮೆ ಅನ್ನುವ ಹಳೇ ಪಟ್ಟಣದಲ್ಲಿ ಮಣ್ಣಿನಿಂದ ಕಟ್ಟಿದ ಗೂಡುಗಳ ಸಾಲುಗಳೇ ಇವೆ, ಮಕಾವ್ ಗಿಳಿಗೂ ಟರ್ಕಿಗೂ.

ಗಮನಿಸಿ: ಒಣ ನೆಲ. ಆ ಊರುಗಳಲ್ಲಿ ಕೋಳಿ ಅನ್ನುವ ಪ್ರಾಣಿಯೇ ಇರಲಿಲ್ಲ. ಕೋಳಿಯ ಮೂಲ ನಮ್ಮ ಏಷ್ಯಾದ ಕಾಡುಕೋಳಿ. ಅಮೆರಿಕದ ಟರ್ಕಿ ಮತ್ತು ಏಷ್ಯಾದ ಕೋಳಿ, ಇವೆರಡೂ ಭೂಮಿ ಹುಟ್ಟಿದಾಗಿನಿಂದ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. 1493ರಲ್ಲಿ ಕೊಲಂಬಸ್ ಎರಡನೇ ಸಲ ಹೋಗುವಾಗ ಹಡಗಿನಲ್ಲಿ ಕೋಳಿ ಒಯ್ದ. ಅದಾದ ಕೆಲವೇ ದಶಕಗಳಲ್ಲಿ ಸ್ಪೇನಿನವರು ಟರ್ಕಿಯನ್ನು ಯುರೋಪಿಗೆ ತಂದರು. ಎರಡು ಹಕ್ಕಿ ಒಂದೇ ಅಂಗಳಕ್ಕೆ ಬಂದು ಇನ್ನೂ ಐದುನೂರು ಚಿಲ್ಲರೆ ವರ್ಷ ಅಷ್ಟೇ.

ಯುರೋಪಿಗೆ ಬಂದ ಮೇಲೆ ಹೆಸರಿನ ಗೊಂದಲ ನೋಡಿ. ತುರ್ಕಿ ವ್ಯಾಪಾರಿಗಳ ಮೂಲಕ ಬರುತ್ತಿದ್ದ ಗಿನಿ ಕೋಳಿಯ ಜತೆ ಗುರುತು ತಪ್ಪಿ ಇಂಗ್ಲಿಷರು 'ಟರ್ಕಿ' ಅಂದರು. ಫ್ರೆಂಚರು 'ಇಂಡಿಯಾದ್ದು' ಅನ್ನುವ ಅರ್ಥದಲ್ಲಿ 'ದ್ಯಾಂಡ್' ಅಂದರು. ಡಚ್ಚರ 'ಕಾಲ್ಕೂನ್' ಬಂದದ್ದು ನಮ್ಮ ಕಲ್ಲಿಕೋಟೆಯ ಹೆಸರಿನಿಂದ! ಖುದ್ದು ಟರ್ಕಿ ದೇಶದವರು ಏನು ಕರೆಯುತ್ತಾರೆ ಗೊತ್ತೇ? 'ಹಿಂದಿ'! ಪೋರ್ಚುಗೀಸರು 'ಪೆರು' ಅಂದರು. ನಮ್ಮ ಕಡೆ ಪೇರು ಅಂದರೆ ಸೀಬೆಹಣ್ಣು, ಆ ಗೊಂದಲ ಬೇರೆ :-) ಒಟ್ಟಿನಲ್ಲಿ ಯಾವ ದೇಶಕ್ಕೆ ಹೋದರೂ ಇದು ಬೇರೆ ಎಲ್ಲಿಂದಲೋ ಬಂದ ಹಕ್ಕಿ. ಆಯಿ ಹೇಳಿದ 'ಪರದೇಶಿ'ಯೇ ಸರಿಯಾದ ಹೆಸರು ಅನ್ನಿಸುತ್ತದೆ.

* * *

ಭಾರತದಲ್ಲಿ ಈ ಹಕ್ಕಿಯ ಪ್ರಸಿದ್ಧ ದಾಖಲೆ 1612ರದು. ಮೊಘಲ್ ಬಾದಶಹ ಜಹಾಂಗೀರ್ ತನ್ನ ಅಧಿಕಾರಿ ಮುಕರ್ರಬ್ ಖಾನನನ್ನು ಗೋವಾಕ್ಕೆ ಕಳಿಸಿದ್ದ. ಪೋರ್ಚುಗೀಸರ ಹತ್ತಿರ ಅಪರೂಪದ್ದು ಏನೇ ಸಿಕ್ಕರೂ ಬೆಲೆ ನೋಡದೆ ಕೊಂಡು ತಾ ಅಂತ ಅಪ್ಪಣೆ. ಅವನು ತಂದ ಪ್ರಾಣಿಗಳಲ್ಲಿ ಒಂದು ಟರ್ಕಿ ಹುಂಜ. ಬಾದಶಹನಿಗೆ ಅದನ್ನು ನೋಡಿ ಆದ ಆಶ್ಚರ್ಯ ಅವನ ಆತ್ಮಕಥೆಯಲ್ಲಿದೆ. ನವಿಲಿನ ಹಾಗೆ ಬಾಲ ಬಿಚ್ಚುವುದು, ತಲೆ ಕತ್ತಿನ ಬಣ್ಣ ಒಮ್ಮೆ ಹವಳದ ಕೆಂಪು, ಒಮ್ಮೆ ಹತ್ತಿಯ ಬಿಳುಪು, ಒಮ್ಮೆ ನೀಲಿ ಆಗುವುದು, ಕೊಕ್ಕಿನ ಮೇಲಿನ ಮಾಂಸದ ತುಂಡು ಆನೆಯ ಸೊಂಡಿಲಿನ ಹಾಗೆ ಇಳಿಬೀಳುವುದು, ಎಲ್ಲವನ್ನೂ ಬರೆದಿದ್ದಾನೆ. ನಮ್ಮ ಸಾಹೇಬನನ್ನು ನೋಡಿಯೇ ಬರೆದಿದ್ದಾನೇನೋ ಅನ್ನಿಸುವಷ್ಟು ಸರಿ! ಮಾತಿನಲ್ಲಿ ಹೇಳಿದರೆ ಸಾಲದು ಅಂತ ತನ್ನ ಚಿತ್ರಕಾರರಿಂದ ಬರೆಸಿದ. ಉಸ್ತಾದ್ ಮನ್ಸೂರ್ ಬರೆದ ಆ ಟರ್ಕಿಯ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಇಂಟರ್ನೆಟ್ಟಿನಲ್ಲೂ ಸಿಗುತ್ತದೆ, ಒಮ್ಮೆ ನೋಡಿ. ಕತ್ತಿನ ಒಂದೊಂದು ಗಂಟೂ ಎಣಿಸಬಹುದು.

ಆ ಹುಂಜ ಆಗ್ರಾಕ್ಕೆ ಹೋಯಿತು ಅಂತ ಎಲ್ಲರೂ ಬರೆಯುತ್ತಾರೆ. ನನಗೆ ಕುತೂಹಲ ಇರುವುದು ಅದು ಹೊರಟ ಗೋವಾದ ಬಗ್ಗೆ. ಬೆಳಗಾವಿ ದಾಟಿ ಘಟ್ಟ ಇಳಿದರೆ ಗೋವಾ. 1510ರಲ್ಲಿ ಪೋರ್ಚುಗೀಸರು ಅದನ್ನು ಕಿತ್ತುಕೊಂಡದ್ದು ಬಿಜಾಪುರದ ಆದಿಲಶಾಹಿಗಳಿಂದ. ನಮ್ಮ ಕೃಷ್ಣಾ ತೀರ ಆಗ ಅದೇ ಆದಿಲಶಾಹಿಗೆ ಸೇರಿತ್ತು, 1612ರಲ್ಲಿ ಎರಡನೇ ಇಬ್ರಾಹಿಂ ಆದಿಲಶಹನ ಆಳ್ವಿಕೆ. ಮೆಣಸಿನಕಾಯಿ, ಗೋಡಂಬಿ, ಪೇರು ಹಣ್ಣು ಎಲ್ಲ ಅಮೆರಿಕದಿಂದ ಪೋರ್ಚುಗೀಸರ ಕೈ ಹಿಡಿದೇ ಬಂದು ನಮ್ಮದಾದವು. ನಮ್ಮ ಮನೆಯಲ್ಲಿ ಕೆಂಪು ಖಾರ ಇಲ್ಲದೆ ಊಟವೇ ಇಲ್ಲ. ಆದರೆ ಅದೇ ದಾರಿಯಲ್ಲಿ ಬಂದ ಟರ್ಕಿ ಮಾತ್ರ ನಮ್ಮದಾಗಲಿಲ್ಲ. 400 ವರ್ಷ ಆದರೂ ಮರಿ ತಂದರೆ ಓಣಿಯೆಲ್ಲ ನೋಡಲಿಕ್ಕೆ ಬರುತ್ತದೆ!

ಯಾಕೆ ಹೀಗೆ? ಬ್ರಿಟಿಷರ ಕಾಲದಲ್ಲಿ ದೊರೆಗಳು ಕ್ರಿಸ್‌ಮಸ್ ಊಟಕ್ಕೆ ಸಾಕಿಸಿದರು, ಅದು ಅವರ ಬಂಗಲೆಯ ಕಾಂಪೌಂಡಿನಲ್ಲೇ ಉಳಿಯಿತು. ನಮಗೆ ಅದರ ಮಾಂಸದ ರೂಢಿ ಇಲ್ಲ. ಇನ್ನೊಂದು ಕಾರಣ ನನ್ನ ಊಹೆ ಅಷ್ಟೇ. ಸಾಕಲು ಹೊರಟವರೆಲ್ಲ ನನ್ನ ಹಾಗೆಯೇ ಇದನ್ನು 'ದೊಡ್ಡ ಕೋಳಿ' ಅಂದುಕೊಂಡರು, ಕೋಳಿಯ ಮನೆಯನ್ನೇ ಕೊಟ್ಟರು. ನಮ್ಮ ದೇಶದ ಪ್ರತಿ ಹಿತ್ತಲೂ ಸಾವಿರಾರು ವರ್ಷಗಳ ಕೋಳಿ ಕೆದರಿದ ನೆಲ.

* * *

ಈಗ ರೋಗದ ಇತಿಹಾಸಕ್ಕೆ ಬರುತ್ತೇನೆ. ಇದೇ ನನ್ನ ವರದಿಯ ಮುಖ್ಯ ಭಾಗ.

ಅಮೆರಿಕದ ರೋಡ್ ಐಲೆಂಡ್ ಟರ್ಕಿಗೆ ಹೆಸರಾದ ರಾಜ್ಯ. ಅಲ್ಲಿನ ಹೊರೇಸ್ ವೋಸ್ ಅನ್ನುವ ವ್ಯಾಪಾರಿ 1873ರಿಂದ 1913ರವರೆಗೆ ಅಮೆರಿಕದ ಅಧ್ಯಕ್ಷರ ಊಟಕ್ಕೆ ಟರ್ಕಿ ಕಳಿಸುತ್ತಿದ್ದ. ಅದೇ ರಾಜ್ಯದಲ್ಲಿ 1890ರ ದಶಕದಲ್ಲಿ ಹಕ್ಕಿಗಳು ರೆಕ್ಕೆ ಇಳಿಬಿಟ್ಟು ಸಾಯತೊಡಗಿದವು. 1893ರಲ್ಲಿ ರೋಗದ ಮೊದಲ ವರ್ಣನೆ ಬಂತು. 1895ರಲ್ಲಿ ಥಿಯೊಬಾಲ್ಡ್ ಸ್ಮಿತ್ ಅನ್ನುವ ವಿಜ್ಞಾನಿ ಇದಕ್ಕೆ ಕಾರಣ ಬ್ಯಾಕ್ಟೀರಿಯಾ ಅಲ್ಲ, ಅಮೀಬಾದಂಥ ಒಂದು ಏಕಕೋಶ ಜೀವಿ ಅಂತ ತೋರಿಸಿದರು. ಆದರೆ ಅದು ಹಕ್ಕಿಯಿಂದ ಹಕ್ಕಿಗೆ ಹೋಗುವುದು ಹೇಗೆ ಅಂತ ತಿಳಿಯಲು ಇನ್ನೂ 25 ವರ್ಷ ಬೇಕಾಯಿತು. ಅಷ್ಟರಲ್ಲಿ ಆ ಕಡೆಯ ಟರ್ಕಿ ಸಾಕಣೆ ನೆಲಕಚ್ಚಿತ್ತು.

1920ರಲ್ಲಿ ಅದೇ ಸ್ಮಿತ್ ಮತ್ತು ಗ್ರೇಬಿಲ್ ಸೇರಿ ಕೊಂಡಿ ಹಿಡಿದರು. ಕೋಳಿಯ ಹೊಟ್ಟೆಯಲ್ಲಿ ಒಂದು ಸಣ್ಣ ದುಂಡು ಹುಳ ಇರುತ್ತದೆ, ಹೆಟೆರಾಕಿಸ್ ಅಂತ. ಕೋಳಿಗೆ ಅದರಿಂದ ಹೇಳಿಕೊಳ್ಳುವ ತೊಂದರೆಯಿಲ್ಲ. ರೋಗದ ಜೀವಿ ಆ ಹುಳದ ಮೊಟ್ಟೆಯೊಳಗೆ ಸೇರಿಕೊಳ್ಳುತ್ತದೆ. ಮೊಟ್ಟೆ ಹಿಕ್ಕೆಯ ಜತೆ ನೆಲಕ್ಕೆ ಬೀಳುತ್ತದೆ. ಒಂಟಿಯಾಗಿ ಹೊರಗೆ ಬಿದ್ದರೆ ಬೇಗ ಸಾಯುವ ಜೀವಿ, ಮೊಟ್ಟೆಯ ಚಿಪ್ಪಿನೊಳಗೆ ವರ್ಷಗಟ್ಟಲೆ ಬದುಕಿರುತ್ತದೆ! ಎರೆಹುಳ ಆ ಮೊಟ್ಟೆ ನುಂಗುತ್ತದೆ, ಮಳೆ ಬಂದಾಗ ಮೇಲೆ ಬರುತ್ತದೆ, ಟರ್ಕಿ ಆ ಎರೆಹುಳವನ್ನು ತಿನ್ನುತ್ತದೆ.

ಶ್ರಾವಣದ ಮಳೆ, ಆಯಿಯ ಕೋಳಿಗಳ ಹಳೇ ಜಾಗ, ಎರೆಹುಳ ಆರಿಸುತ್ತಿದ್ದ ಟರ್ಕಿ... ಇದನ್ನು ಓದುವಾಗ ರಾತ್ರಿ ಒಂದು ಗಂಟೆಯಾಗಿತ್ತು. ಹೊಟ್ಟೆಯಲ್ಲಿ ಒಂಥರಾ ಆಯಿತು. ಗೂಡಿನ ಅಳತೆ ಸರಿಯಿತ್ತು, ಜಾಳಿಗೆ ಸರಿಯಿತ್ತು. ನೆಲ ಮಾತ್ರ ತಪ್ಪು. ನೆಲ ಆರಿಸಿದವನು ನಾನು.

ಕೋಳಿಗೆ ಯಾಕೆ ಏನೂ ಆಗುವುದಿಲ್ಲ? ಈ ಜೀವಿ ಏಷ್ಯಾದ ಕೋಳಿ ಜಾತಿಯ ಹಕ್ಕಿಗಳ ಜತೆ ಬಹಳ ಕಾಲದಿಂದ ಒಗ್ಗಿಕೊಂಡು ಬಂದದ್ದಿರಬೇಕು ಅಂತ ವಿಜ್ಞಾನಿಗಳು ಊಹಿಸುತ್ತಾರೆ. ಟರ್ಕಿಗೆ ಅದು ಹೊಸದು. ಯುರೋಪಿನವರು ಒಯ್ದ ಸಿಡುಬು ಅಮೆರಿಕದ ಮೂಲ ಜನರನ್ನು ಊರುಊರೇ ಮುಗಿಸಿದ್ದು ನಿಮಗೆ ಗೊತ್ತು. ಒಯ್ದವರಿಗೆ ಅದು ಹಳೇ ರೋಗ, ಅಲ್ಲಿದ್ದವರಿಗೆ ಹೊಸದು. ಹಿತ್ತಲಿನಲ್ಲಿ ಅದೇ ಕಥೆ ಸಣ್ಣದಾಗಿ ನಡೆಯುತ್ತಿದೆ, ಈಗಲೂ.

ಕಾರಣ ಗೊತ್ತಾದ ಮೇಲೆ ಅಮೆರಿಕದ ರೈತರು ಮಾಡಿದ್ದೇನು? ಕೋಳಿ ಮತ್ತು ಟರ್ಕಿಯನ್ನು ಬೇರೆ ಮಾಡಿದರು. 1920, 30ರ ದಶಕಗಳಲ್ಲಿ ಹಲವರು ಟರ್ಕಿಗಳನ್ನು ನೆಲದಿಂದಲೇ ಎತ್ತಿಬಿಟ್ಟರು. ತಂತಿ ಜಾಳಿಗೆಯ ಅಟ್ಟ ಕಟ್ಟಿ ಅದರ ಮೇಲೆ ಸಾಕಿದರು, ಹಿಕ್ಕೆ ಕೆಳಗೆ ಬೀಳಲಿ ಅಂತ. ಆಮೇಲೆ ಔಷಧಿಗಳು ಬಂದವು, ಅಟ್ಟಗಳು ಮರೆತುಹೋದವು. ಔಷಧಿಗಳಿಗೂ ಕಾಲ ಮುಗಿಯಿತು. ಅಮೆರಿಕದಲ್ಲಿ ಕೊನೆಗೆ ಉಳಿದಿದ್ದ ನಿಟಾರ್ಸೋನ್ ಆರ್ಸೆನಿಕ್ ಇರುವ ಔಷಧಿ, 2015ರ ಕೊನೆಗೆ ಅದನ್ನೂ ಹಿಂತೆಗೆದುಕೊಂಡರು. ಹಾಗಾಗಿ ಅಲ್ಲಿ ಈಗ ಮತ್ತೆ ಮೊದಲಿನ ಸ್ಥಿತಿ: ಮದ್ದು ಇಲ್ಲ, ಗೂಡೇ ಮದ್ದು.

* * *

ಸರಿ, ಉಳಿದ ಎರಡನ್ನು ಏನು ಮಾಡುವುದು? ಒಂದು ಸಾಹೇಬ, ಇನ್ನೊಂದು ಒಂದು ಹೆಣ್ಣು. ದೀಪಾವಳಿಯ ದಿನ ಮನೆಯಲ್ಲಿ ಇದೇ ಚರ್ಚೆ. ಕೊಟ್ಟುಬಿಡೋಣ ಅಂತ ಅವ್ವ. ಯಾರಿಗೆ ಕೊಟ್ಟರೂ ಸಾರು ಮಾಡುತ್ತಾರೆ ಅಂತ ಕಾಕಾ. ಕೋಳಿಗಳನ್ನೇ ಮಾರಿದರೂ ಆ ನೆಲ ವರ್ಷಗಟ್ಟಲೆ ಶುದ್ಧವಾಗುವುದಿಲ್ಲ ಅಂತ ನಾನು. ಹೊಲದ ಕಡೆ ಹೊಸ ಜಾಗ ಇದೆ, ಆದರೆ ಅಲ್ಲಿ ಕೃಷ್ಣೆ ಬರುತ್ತಾಳೆ. 2019ರ ಆಗಸ್ಟಿನ ಮಹಾಪೂರ ನಮ್ಮ ಕಡೆ ಯಾರೂ ಮರೆತಿಲ್ಲ. ಕುಡಚಿ-ಉಗಾರ ಸೇತುವೆ ಮುಳುಗಿದ್ದು ಇರಲಿ, ನಮ್ಮ ಹಿತ್ತಲಿಗೇ ಮೊಣಕಾಲು ನೀರು ಬಂದಿತ್ತು.

ಕೊನೆಗೆ ನಾನು ಆ ಹಳೇ ಅಮೆರಿಕನ್ ಅಟ್ಟದ ವಿಷಯ ಹೇಳಿದೆ. ಆಯಿ ಕೇಳಿಸಿಕೊಂಡು, "ಹೊಲದಾಗ ಹಕ್ಕಿ ಕಾಯಾಕ ಅಟ್ಟ ಕಟ್ಟತೀರಿ, ಹಕ್ಕಿಗೇ ಒಂದು ಅಟ್ಟ ಕಟ್ರಿ" ಅಂದಳು. ಮುಗಿಯಿತು! ದನದ ಕೊಟ್ಟಿಗೆಯ ಪಕ್ಕ, ಅವಳೇ ಮೆಂತ್ಯ ಹಾಕುತ್ತಿದ್ದ ಮಡಿಯನ್ನು ಬಿಟ್ಟುಕೊಟ್ಟಳು. ಅಲ್ಲಿ ಕೋಳಿ ಬಿಡುತ್ತಿರಲಿಲ್ಲ, ಮೊದಲಿನಿಂದಲೂ ಬೇಲಿ ಇತ್ತು.

ಹೊಸ ಗೂಡು ಹೇಗಿದೆ ಅಂತ ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆದೀತು.

ನೆಲ ಮೂರು ಅಡಿ ಎತ್ತರದ ಅಟ್ಟ. ತಂತಿ ಜಾಳಿಗೆಯ ಮೇಲೆ ಭಾರದ ಹಕ್ಕಿಗೆ ಅಂಗಾಲು ಹುಣ್ಣಾಗುತ್ತದೆ, ಅದಕ್ಕೆ ನಯವಾಗಿ ತೋಪಡಾ ಹೊಡೆದ ಮರದ ಪಟ್ಟಿ. ನಡುವೆ ಹಿಕ್ಕೆ ಬೀಳುವಷ್ಟೇ ಸಂದು. ಕೆಳಗೆ ಬಿದ್ದದ್ದನ್ನು ದಿನಾ ಗುಡಿಸಿ ತಿಪ್ಪೆಗೆ. ಅಟ್ಟದ ಕೆಳಗೆ ಸುತ್ತಲೂ ಜಾಳಿಗೆ, ಆಯಿಯ ಕೋಳಿ ಅಲ್ಲಿಗೂ ನುಗ್ಗಬಾರದು.

ಒಂದು ಮೂಲೆಯಲ್ಲಿ ಮಾತ್ರ ಮೆತ್ತಗಿರಲಿ ಅಂತ ಕಬ್ಬಿನ ರವದಿ ಹಾಸಿದ್ದೇವೆ. ನಮ್ಮೂರಲ್ಲಿ ರವದಿಗೂ ಬಗ್ಯಾಸಿಗೂ ಬರ ಇಲ್ಲ. ಆದರೆ ಹಸಿ ಇದ್ದರೆ ಬೂಷ್ಟು ಹಿಡಿಯುತ್ತದೆ, ಬೂಷ್ಟಿನ ಧೂಳು ಹಕ್ಕಿಯ ಶ್ವಾಸಕೋಶಕ್ಕೆ ಹೋದರೆ ಅದೂ ಕೊಲ್ಲುವ ರೋಗವೇ. ಮುಷ್ಟಿಯಲ್ಲಿ ಹಿಡಿದು ಹಿಂಡಿದರೆ ಉಂಡೆ ಕಟ್ಟಬಾರದು, ಇದು ಕಾಕಾನ ಪರೀಕ್ಷೆ.

ಗೋಡೆ ಒಂದೇ, ಮಳೆ ಬಡಿಯುವ ಪಡುವಣ ದಿಕ್ಕಿಗೆ. ಉಳಿದ ಮೂರೂ ಕಡೆ ಜಾಳಿಗೆ, ಮಳೆಗಾಲಕ್ಕೆ ಗೋಣಿತಟ್ಟಿನ ಪರದೆ. ಮೊದಲು ನಾನು ಹಾಕಿದ್ದ ನಕ್ಷೆ ಹಿಮ ಬೀಳುವ ದೇಶದ್ದು! ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಮೂರು ಇಟ್ಟಿಗೆ ಗೋಡೆ ಅಂದರೆ ಒಲೆ. ತಗಡಿನ ಮೇಲೂ ಒಂದು ಪದರ ರವದಿ.

ಕೂರಲು ಅಡ್ಡ ಮರ ಒಂದೂವರೆ ಅಡಿ ಎತ್ತರದಲ್ಲಿ, ದುಂಡಗಲ್ಲ, ಅಗಲ ಮೈಯದು. ಟರ್ಕಿ ಕಾಡಿನಲ್ಲಿ ಮರದ ಮೇಲೆ ಮಲಗುವ ಹಕ್ಕಿ, ಸಂಜೆಯಾದರೆ ಎತ್ತರ ಹುಡುಕುತ್ತದೆ. ಆದರೆ ಭಾರದ ತಳಿಗಳು ಎತ್ತರದಿಂದ ಹಾರಿದರೆ ಕಾಲು ಮುರಿದುಕೊಳ್ಳುತ್ತವೆ. ಎದೆಮಾಂಸಕ್ಕಾಗಿ ಬೆಳೆಸಿದ ಬಿಳಿ ತಳಿಯಂತೂ ಎಷ್ಟು ಭಾರ ಅಂದರೆ ತಾನಾಗಿ ಕೂಡಲಿಕ್ಕೂ ಆಗದೆ ಕೃತಕ ಗರ್ಭಧಾರಣೆ ಮಾಡಿಸಬೇಕಂತೆ. ಅಮೆರಿಕದ ಅಧ್ಯಕ್ಷರು 1989ರಿಂದ ಪ್ರತಿ ವರ್ಷ ಟರ್ಕಿಗೆ 'ಕ್ಷಮಾದಾನ' ಕೊಡುತ್ತಾರಲ್ಲ, ಅಂಥ ಹಕ್ಕಿಗಳಲ್ಲಿ ಬಹಳಷ್ಟು ಹೆಚ್ಚು ದಿನ ಬದುಕಲಿಲ್ಲ. ಚಂದಕ್ಕೆ ಸಾಕುವವರು ಅಂಥ ತಳಿ ತರದಿರುವುದೇ ಒಳ್ಳೆಯದು.

ಮರಿ ಬೇಕಾದವರು ಎಲ್ಲಿಂದಲೋ ತರುವ ಮೊದಲು ಸರಕಾರಿ ಸಂಸ್ಥೆಗಳನ್ನು ಕೇಳಿ. ಬೆಂಗಳೂರಿನ ಹೆಸರಘಟ್ಟದ ಕೇಂದ್ರೀಯ ಕುಕ್ಕುಟ ಅಭಿವೃದ್ಧಿ ಸಂಸ್ಥೆ ಕೋಳಿಯ ಜತೆಗೆ ಬಾತು, ಟರ್ಕಿಗಳ ಮೇಲೂ ಕೆಲಸ ಮಾಡಿದೆ. ತಮಿಳುನಾಡಿನ ಪಶುವೈದ್ಯ ವಿಶ್ವವಿದ್ಯಾಲಯದವರು ಟರ್ಕಿ ಸಾಕುವವರಿಗಾಗಿಯೇ ಸಲಹೆಗಳನ್ನು ಬರೆದಿದ್ದಾರೆ. ಅದರಲ್ಲಿ ಒಂದು ನನಗೆ ಗೊತ್ತೇ ಇರಲಿಲ್ಲ: ಮರಿಗಳು ಕಾಳು ಎದುರಿಗಿದ್ದರೂ ತಿನ್ನದೆ ಉಪವಾಸ ಸಾಯುತ್ತವೆ! ಮೊದಲ 15 ದಿನ ಲೀಟರ್ ನೀರಿಗೆ 100 ಮಿಲಿ ಹಾಲು, ಹತ್ತು ಮರಿಗೆ ಒಂದು ಬೇಯಿಸಿದ ಮೊಟ್ಟೆ ಕೊಟ್ಟು ತಿನ್ನುವುದನ್ನು ಕಲಿಸಬೇಕಂತೆ. ಕೋಳಿಮರಿಗೆ ತಾಯಿ ಕೆದರಿ ತೋರಿಸುತ್ತದೆ, ಇವಕ್ಕೆ ನಾವು ತೋರಿಸಬೇಕು.

* * *

ಹೊಸ ಗೂಡಿಗೆ ಹೋದ ಮೇಲೆ ಎರಡೂ ಚೆನ್ನಾಗಿವೆ. ಮೊದಲ ಎರಡು ದಿನ ಸಾಹೇಬ ಅಟ್ಟ ಹತ್ತಲು ಒಪ್ಪದೆ ಹಳೇ ಗೂಡಿನ ಬಾಗಿಲಲ್ಲೇ ಹೋಗಿ ನಿಲ್ಲುತ್ತಿದ್ದನಂತೆ. ಕಾಕಾ ಏಣಿಯ ಮೇಲೆ ಜೋಳದ ಕಾಳು ಇಟ್ಟು ಹತ್ತಿಸಿದರು. ಸತ್ತ ಮೂರನ್ನು ಅವು ಹುಡುಕುತ್ತಿದ್ದವೋ ಏನೋ ಗೊತ್ತಿಲ್ಲ. ನಾನು ಕೇಳಲಿಲ್ಲ, ಕಾಕಾನೂ ಹೇಳಲಿಲ್ಲ.

ಹೋದ ತಿಂಗಳು ಹೆಣ್ಣು ಮೊಟ್ಟೆ ಇಡಲು ಶುರು ಮಾಡಿತು. ಚುಕ್ಕೆ ಚುಕ್ಕೆಯ, ಕೋಳಿಯದಕ್ಕಿಂತ ದೊಡ್ಡ ಮೊಟ್ಟೆ. ಆಯಿ ಎಂದಿನಂತೆ, "ನನ್ನ ಕೋಳಿ ಕಾವಿಗೆ ಕುಂತೈತಿ, ಅದರ ಬುಡಕ ಇಡೋಣು" ಅಂದಳಂತೆ. ಕಾಕಾ ನನಗೆ ಫೋನ್ ಹಚ್ಚಿ ಕೊಟ್ಟರು. ಬೇಡ ಆಯಿ, ಆ ಕೋಳಿಯ ಹೊಟ್ಟೆಯ ಹುಳವೇ ಅವನ್ನು ಕೊಂದದ್ದು ಅಂತ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಂಗಾದ್ರ ಅದರ ತತ್ತಿ ಮ್ಯಾಲ ಅದೇ ಕುಂಡರಲಿ. ಪರದೇಶಿ ಇದ್ರೂ ತಾಯಿ ತಾಯೀನೇ" ಅಂದಳು.

ಈಗ ಕೂತಿದೆ. ಕೋಳಿಗೆ 21 ದಿನ, ಟರ್ಕಿಗೆ 28. ಇಪ್ಪತ್ತೊಂದಕ್ಕೆ ಮರಿ ಬರಲಿಲ್ಲ ಅಂತ ಗಾಬರಿಯಾಗಬೇಡಿ ಅಂತ ಕಾಕಾನಿಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿದ್ದೇನೆ. ಇವತ್ತಿಗೆ ಹತ್ತೊಂಬತ್ತು ದಿನ. ರಾತ್ರಿ ಊಟ ಆದ ಮೇಲೆ ಫೋನ್ ಮಾಡಿ ಕೇಳುವುದು ಒಂದೇ, "ಕಾಕಾ, ಅಟ್ಟದ ಬಾಗಲಾ ಹಾಕಿದ್ರಿಲ್ಲೋ?"

ನಿಮ್ಮಲ್ಲಿ ಯಾರಾದರೂ ಮಳೆಗಾಲದಲ್ಲಿ ಟರ್ಕಿ ಮರಿ ಸಾಕಿದ್ದರೆ ದಯವಿಟ್ಟು ಅನುಭವ ಹೇಳಿ. ನನಗೆ ಗೊತ್ತಿರುವುದೆಲ್ಲ ಮೂರು ಸತ್ತ ಮೇಲೆ ಓದಿದ್ದು.